ಶಾಣ್ಯಾಗೆ ಬೇಕಾದ ಮೆಷಿನ್

ಆಗಸ್ಟ್ 28, ಬುಧವಾರ. ಡಾಲಸ್

ಕೆಲಸ ಸಿಕ್ಕಿತು. ಇನ್ನೂ ನಂಬಿಕೆ ಬರ್ತಿಲ್ಲ, ಅದಕ್ಕೇ ಬರೆದಿಡ್ತಿದ್ದೇನೆ.

ಬೋರ್ಡಿಂಗ್‌ನಲ್ಲಿ ನಮ್ಮ ಭಾನುವಾರದ ಕಾಗದಗಳನ್ನು ವಾರ್ಡನ್ ಮಿಸ್ ಓದಿಯೇ ಪೋಸ್ಟ್ ಮಾಡ್ತಿದ್ದರು. ಅವರಿಗೆ ಕನ್ನಡ ಬರ್ತಿರಲಿಲ್ಲ. ನಾನು ಡೈರಿಯನ್ನು ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದ್ದು ಆ ಒಂದೇ ಕಾರಣಕ್ಕೆ, ಭಾಷಾಭಿಮಾನ ಗೀಷಾಭಿಮಾನ ಏನೂ ಅಲ್ಲ. ಇಲ್ಲಿ ಯಾರೂ ಓದೋಲ್ಲ. ಆದರೂ ದಿಂಬಿನ ಕೆಳಗೇ ಇಟ್ಕೋತೀನಿ.

ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹಳೇ ಕಂಪ್ಯೂಟರ್‌ಗಳ ಲ್ಯಾಬ್ ಇದೆ. ನಲವತ್ತು ವರ್ಷದ ಹಿಂದಿನ ಮೆಷಿನ್‌ಗಳನ್ನು ರಿಪೇರಿ ಮಾಡಿ, ಆ ಕಾಲದ ಪ್ರೋಗ್ರಾಮ್ ಅವುಗಳ ಮೇಲೇ ಓಡಿಸಿ, ಬಂದವರಿಗೆ ತೋರಿಸ್ತಾರೆ. ಈ ಸಲ ನವೆಂಬರ್ 15ಕ್ಕೆ ಲಿಸ್ಪ್ ಭಾಷೆಯ ಒಂದು ಪ್ರೋಗ್ರಾಮ್. ಎಂಬತ್ತರ ದಶಕದಲ್ಲಿ ಆ ಒಂದು ಭಾಷೆಗೋಸ್ಕರವೇ ಕಂಪ್ಯೂಟರ್ ಕಟ್ತಿದ್ದರಂತೆ. ಒಂದೊಂದು ಕಂಪನಿಯದು ಒಂದೊಂದು ಥರದ ಲಿಸ್ಪ್. ಒಬ್ಬರ ಮೆಷಿನ್‌ನಲ್ಲಿ ಬರೆದದ್ದು ಇನ್ನೊಬ್ಬರದರಲ್ಲಿ ಓಡಲ್ಲ. ಲ್ಯಾಬಿಗೆ ಕೊಳ್ಳೋಕೆ ಆಗೋದು ಒಂದೇ ಮೆಷಿನ್. ಯಾವುದು ಅಂತ ಹೋಲಿಸಿ ಶೀಟ್ ಮಾಡಿಕೊಡೋದು ನನ್ನ ಕೆಲಸ. ಕೆಂಪು ಅಂದ್ರೆ ಓಡಲ್ಲ, ಹಳದಿ ಅಂದ್ರೆ ತಿದ್ದಿದ್ರೆ ಓಡುತ್ತೆ, ಹಸಿರು ಅಂದ್ರೆ ಓಡುತ್ತೆ. ಕಮಿಟಿಯವರು ಬಣ್ಣ ಬಿಟ್ಟು ಬೇರೇನೂ ನೋಡಲ್ಲವಂತೆ.

ಕೊಡಿಸಿದವರು ಆತ್ರೇಯ ಅವರು. ಮೈಸೂರಿನವರು, ಪಿಎಚ್‌ಡಿ ನಾಲ್ಕನೇ ವರ್ಷ. ಏರ್‌ಪೋರ್ಟಿಗೆ ಬಂದು ಕರ್ಕೊಂಡು ಹೋದವರು ಅವರೇ, ಲಾಸ್ ಕೊಲಿನಾಸ್‌ನಲ್ಲಿ ಇಬ್ಬರು ಹುಡುಗೀರ ಜೊತೆ ರೂಮ್ ಹುಡುಕಿಕೊಟ್ಟವರೂ ಅವರೇ. ನಾನು ‘ಸರ್’ ಅಂದದ್ದಕ್ಕೆ ಬಿದ್ದು ಬಿದ್ದು ನಕ್ಕರು.

“ಸರ್ ಅಂತೆ ಸರ್! ಯಾವ ಜೈಲಲ್ಲಿ ಓದಿದ್ದಮ್ಮ ನೀನು? ಆತ್ರೇಯ ಅನ್ನು ಸಾಕು. ಪ್ರೊಫೆಸರ್ ಹತ್ರ ನಿನ್ನ ಬಗ್ಗೆ ಹೊಗಳಿ ಬಂದಿದೀನಿ, ನನ್ನ ಮರ್ಯಾದೆ ತೆಗೀಬೇಡ.”

ಈ ಕೆಲಸ ಹೋದರೆ ಫೀಸ್ ರಿಯಾಯಿತಿ ಹೋಗುತ್ತೆ. ಅದು ಹೋದರೆ ನಾನೂ ವಾಪಸ್. ಹೊಟ್ಟೆ ನೋವು ಮತ್ತೆ ಶುರುವಾಗಿದೆ, ಪರೀಕ್ಷೆ ಹಿಂದಿನ ದಿನ ಬರ್ತಿತ್ತಲ್ಲ, ಅದೇ ಜಾಗದಲ್ಲಿ.

ಸೆಪ್ಟೆಂಬರ್ 7, ಶನಿವಾರ. ಹ್ಯೂಸ್ಟನ್

ಬೆಳಗ್ಗೆ ಆರಕ್ಕೆ ಹೊರಟು ಆತ್ರೇಯ ಅವರ ಕಾರಿನಲ್ಲಿ ಹ್ಯೂಸ್ಟನ್. ಪ್ರೋಗ್ರಾಮ್ ಬರೆದವರನ್ನು ನೋಡೋಕೆ. ಚನ್ನಬಸಪ್ಪ ಅಂಕಲ್, ಧಾರವಾಡದವರು, ಎಪ್ಪತ್ತೆಂಟು ವರ್ಷ, ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಬಾಗಿಲು ತೆಗೆದವರೇ, “ಬಾ ತಂಗಿ, ಕುಂದರ. ಯಾವೂರು ನಿಮ್ಮದು?” ಅಂದರು.

“ಅಪ್ಪಂದು ಬ್ಯಾಂಕ್ ಕೆಲಸ ಅಂಕಲ್, ಟ್ರಾನ್ಸ್‌ಫರ್. ನಾನು ಹಾಸ್ಟೆಲ್. ಊರು ಅಂತ ಒಂದಿಲ್ಲ.”

“ಹಂಗಂದ್ರ ಎಲ್ಲಾ ಊರೂ ನಿಂದಽ.”

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ಪ್ರೋಗ್ರಾಮಿನ ಹೆಸರು ಶಾಣ್ಯಾ. ಅವರ ಕಡೆ ಜಾಣನಿಗೆ ಹಾಗಂತಾರೆ. ಎಣ್ಣೆಗೆ ನೆಲದಲ್ಲಿ ಎರಡು ಮೈಲಿ ಕೊಳವೆ ಇಳಿಸ್ತಾರೆ, ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೆ. ಯಾಕೆ ಸಿಕ್ತು ಅಂತ ಶಾಣ್ಯಾ ಒಂದೊಂದೇ ಪ್ರಶ್ನೆ ಕೇಳಿ ಹೇಳ್ತಿತ್ತಂತೆ. ಆಂಟಿ, ವಿಜಯಮ್ಮ, ಮಂಡಕ್ಕಿ ಸೂಸಲಾ ತಂದಿಟ್ಟು ಹೇಳಿದರು: “ಇವರ ಆಫೀಸಿನವರು ಶಾಣ್ಯಾ ಅಂದ್ರ ನಾನಂತ ತಿಳಕೊಂಡಿದ್ರು. ಪಾರ್ಟಿಗೆ ಹೋದ್ರ, ಹಲೋ ಶಾಣ್ಯಾ, ಹಲೋ ಶಾಣ್ಯಾ!”

“ಅದಕೂ ನಿನಗೂ ಒಂದಽ ಫರಕು,” ಅಂಕಲ್ ಅಂದರು. “ಅದಕ್ಕ ಉತ್ತರ ಕೊಟ್ರ ಸುಮ್ಮನಾಗ್ತಿತ್ತು.”

ನಗು ಅಲ್ಲಿಗೇ ಮುಗೀತು. ಮಗ ತರುಣ್ ಬಂದರು. ಡಾಕ್ಟರ್. ಕನ್ನಡ ಅರ್ಥವಾಗುತ್ತೆ, ಮಾತೆಲ್ಲ ಇಂಗ್ಲಿಷ್. ಅಡಿಗೆ ಕಟ್ಟೆ ಹತ್ತಿರ ನಮ್ಮಿಬ್ಬರಿಗೇ ಹೇಳಿದರು: ಡ್ಯಾಡ್‌ಗೆ ಮರೆವು ಶುರುವಾಗಿದೆ, ಟೆಸ್ಟ್‌ನಲ್ಲಿ ಗಡಿಯಾರದ ಚಿತ್ರ ಸರಿ ಬರೆಯಲಿಲ್ಲ, ಆಗದ್ದನ್ನೆಲ್ಲ ಆಯ್ತು ಅಂತ ಕಲ್ಪಿಸಿಕೊಂಡು ನಂಬ್ತಾರೆ. ಮರೆವಿನವರನ್ನು ನೋಡಿಕೊಳ್ಳುವ ಒಂದು ಹೋಮ್ ಗೊತ್ತು ಮಾಡಿದ್ದೇನೆ, ಒಪ್ತಿಲ್ಲ.

ಅಂಕಲ್ ಕಿವಿ ಚುರುಕು. ಹಾಲ್‌ನಿಂದಲೇ ಕೂಗಿದರು: “ತಾರೀಖು ಮರೀತೇನಿ, ಹೌದು. ರಿಟೈರ್ ಆದಾವಗ ತಾರೀಖು ಯಾಕ ಬೇಕು? ಶಾಣ್ಯಾನ್ವು ಇನ್ನೂರಾ ಹದಿನಾಲ್ಕು ರೂಲ್. ಒಂದೂ ಮರತಿಲ್ಲ. ಅದು ಓಡಲಿ. ನಾ ಹೇಳಿದಂಗ ಅದು ಪ್ರಶ್ನೆ ಕೇಳಿದ್ರ ನೀ ಬಾಯಿ ಮುಚ್ಚಬೇಕು.”

“ಡೀಲ್,” ಅಂದರು ತರುಣ್. “ಆದರೆ ನೀವು ಹೇಳಿದ ಹಾಗೆ ಕೇಳದಿದ್ರೆ ಆ ಹೋಮ್‌ಗೆ ಬರಬೇಕು.”

ಅಂಕಲ್ ಕೈ ಚಾಚಿದರು. ಅಪ್ಪ ಮಗ ಶೇಕ್‌ಹ್ಯಾಂಡ್ ಮಾಡಿದರು, ಯಾವುದೋ ಆಫೀಸಿನಲ್ಲಿ ಮಾಡಿದ ಹಾಗೆ. ಆಂಟಿ ಒಳಗೆ ಹೋದರು.

ಹೊರಡೋ ಮುಂಚೆ ಮೆಷಿನ್ ವಿಷಯ. ಅಂಕಲ್, “ಕ್ಯಾಲಿಫೋರ್ನಿಯಾದ ಮಷೀನ್ ಮ್ಯಾಲೆ ಬರದದ್ದು,” ಅಂದರು. ಆತ್ರೇಯ ಅವರು, “ಕಂಪನಿ ರೆಕಾರ್ಡ್‌ನಲ್ಲಿ ಟೆಕ್ಸಾಸ್ ಮೆಷಿನ್ ಅಂತಿದೆ ಅಂಕಲ್,” ಅಂದರು.

“ಅವು ಆಮ್ಯಾಲೆ ಬಂದ್ವು. ಎರಡರ ಲಿಸ್ಪೂ ಬ್ಯಾರೆ. ಧಾರವಾಡದಾವ ಮೈಸೂರಿಗೆ ಹೋದ್ರ ನಿಮ್ಮಂದಿ ನಗ್ತಾರ, ಆದ್ರ ತಿಳಕೋತಾರ. ಮಷೀನು ನಗಂಗೂ ಇಲ್ಲ, ತಿಳಕೊಳ್ಳಂಗೂ ಇಲ್ಲ.”

ತರುಣ್ ನಮ್ಮ ಕಡೆ ನೋಡಿ ಹುಬ್ಬು ಏರಿಸಿದರು, ನೋಡಿದ್ರಾ ಅನ್ನೋ ಥರ. ಫ್ಲಾಪಿಗಳು ಮತ್ತು ಪ್ರಿಂಟ್‌ಔಟ್‌ನ ಪೆಟ್ಟಿಗೆ ಕಾರಿಗೆ ಹಾಕಿಕೊಂಡು ಬಂದ್ವಿ.

ಸೆಪ್ಟೆಂಬರ್ 10, ಮಂಗಳವಾರ

ಅಂಕಲ್ ಹೇಳಿದ್ದೇ ಸರಿ!

ಮೂರು ದಿನ ಪ್ರಿಂಟ್‌ಔಟ್ ಓದಿದೆ. ಲಿಸ್ಪ್‌ನಲ್ಲಿ ಬ್ರಾಕೆಟ್ ಜಾಸ್ತಿ. ಒಂದು ತೆಗೆದರೆ ಒಂದು ಮುಚ್ಚಬೇಕು, ಕೊನೆಯಲ್ಲಿ ಹತ್ತು ಹನ್ನೆರಡು ಸಾಲಾಗಿ ಬಿದ್ದಿರುತ್ತವೆ. ಅಂಕಲ್‌ದರಲ್ಲಿ ಹಾಗಿಲ್ಲ. ಕೊನೆಯಲ್ಲಿ ಒಂದೇ ಒಂದು ಚೌಕದ ಬ್ರಾಕೆಟ್, ತೆರೆದಿದ್ದನ್ನೆಲ್ಲ ಅದೊಂದೇ ಮುಚ್ಚುತ್ತೆ. ಆ ಸೌಕರ್ಯ ಇದ್ದದ್ದು ಕ್ಯಾಲಿಫೋರ್ನಿಯಾದವರ ಲಿಸ್ಪ್‌ನಲ್ಲಿ. ಟೆಕ್ಸಾಸ್ ಮೆಷಿನ್ ಮೊದಲ ಪುಟದಲ್ಲೇ ನಿಂತುಬಿಡುತ್ತೆ. ಬ್ರಾಕೆಟ್ ಹಾಳಾಗಲಿ, ಅವರು ಬಳಸಿರೋ ಅರ್ಧಕ್ಕರ್ಧ ಸಲಕರಣೆಗಳೂ ಇನ್ನೊಂದರಲ್ಲಿ ಇಲ್ಲವೇ ಇಲ್ಲ.

ಶೀಟ್‌ನಲ್ಲಿ ಟೆಕ್ಸಾಸ್ ಮುಂದೆ ಕೆಂಪು ಹಾಕಿದೆ. ಅಂಕಲ್‌ಗೆ ಫೋನ್ ಮಾಡಿ ಹೇಳಬೇಕು ಅನ್ನಿಸ್ತು. ಮೊದಲು ಆತ್ರೇಯ ಅವರಿಗೆ ಹೇಳೋದು ಸರಿ ಅಂತ ಬಿಟ್ಟೆ.

ಸೆಪ್ಟೆಂಬರ್ 14, ಶನಿವಾರ

ಏರ್‌ಪೋರ್ಟ್ ಪಕ್ಕದ ಯೂಲೆಸ್‌ಗೆ ಮೆಷಿನ್ ನೋಡೋಕೆ ಹೋಗಿದ್ದೆ. ಆತ್ರೇಯ ಅವರಿಗೆ ಸೌತ್‌ಲೇಕ್‌ನಲ್ಲಿ ಯಾರದೋ ಗೃಹಪ್ರವೇಶ, ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಹೋದೆ. ಒಬ್ಬ ಮುದುಕರ ಗ್ಯಾರೇಜ್. ಕ್ರಿಸ್‌ಮಸ್ ದೀಪದ ಡಬ್ಬಗಳ ಹಿಂದೆ, ಟಾರ್ಪಾಲಿನ್ ಕೆಳಗೆ, ಕ್ಯಾಲಿಫೋರ್ನಿಯಾದ ಮೆಷಿನ್. ಇಲಿ ವಾಸನೆ. ಎರಡು ನಿಮಿಷಕ್ಕೊಂದು ವಿಮಾನ ತಲೆ ಮೇಲೇ ಇಳೀತಿತ್ತು, ಅದು ದಾಟೋವರೆಗೂ ಮುದುಕರು ಮಾತು ನಿಲ್ಲಿಸಿ ಬೆರಳೆತ್ತಿ ಕಾಯೋರು. ಸ್ವಿಚ್ ಹಾಕಿ ಏಳು ನಿಮಿಷಕ್ಕೆ ಸ್ಕ್ರೀನ್ ಬಂತು. ನಾಲ್ಕು ಸಾಲು ಟೈಪ್ ಮಾಡಿ ಚೌಕದ ಬ್ರಾಕೆಟ್ ಹೊಡೆದೆ. ಒಪ್ಪಿಕೊಂಡಿತು. ಮುದುಕರು ಚಪ್ಪಾಳೆ ತಟ್ಟಿದರು. “ತಗೊಂಡು ಹೋಗಿ, ನನ್ನ ಮಗಳು ಇದನ್ನ ಗುಜರಿಗೆ ಹಾಕ್ತೀನಿ ಅಂತಾಳೆ,” ಅಂದರು.

ಹಸಿರು.

ಸೆಪ್ಟೆಂಬರ್ 21, ಶನಿವಾರ. ಆಸ್ಟಿನ್

ಇವತ್ತು ಪ್ರೊಫೆಸರ್ ಕೂಡ ಬಂದಿದ್ದರು, ಅವರ ಕಾರಿನಲ್ಲಿ. ಆಸ್ಟಿನ್‌ನ ಕಲೆಕ್ಟರ್ ಮನೆಯಲ್ಲಿ ಮೆಷಿನ್‌ಗಳಿಗೇ ಎಸಿ ಕೋಣೆ. ಟೆಕ್ಸಾಸ್ ಮೆಷಿನ್ ಮದುವೆ ಹೆಣ್ಣಿನ ಥರ ನಿಂತಿತ್ತು. ಸ್ವಿಚ್ ಹಾಕಿದ ತಕ್ಷಣ ಎದ್ದಿತು. ಇಲ್ಲೇ ತಯಾರಾದದ್ದು, ನಮ್ಮ ರಾಜ್ಯದ್ದು ಅಂತ ಪ್ರೊಫೆಸರ್ ಸವರಿ ಸವರಿ ನೋಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಆ ಪ್ರೋಗ್ರಾಮ್ ಓಡಿಸುತ್ತಲ್ವಾ?” ಆತ್ರೇಯ ನನಗಿಂತ ಮೊದಲು “ಖಂಡಿತ” ಅಂದರು.

ವಾಪಸ್ ಬರೋವಾಗ ನಾನು, ಆತ್ರೇಯ ಇಬ್ಬರೇ. ಹೈವೇ ತುಂಬ ಟ್ರಾಫಿಕ್. ವೇಕೋ ಊರು ದಾಟಿದ ಮೇಲೆ ಅವರು ಶುರು ಮಾಡಿದರು.

“ನಿನ್ನ ಶೀಟ್ ನೋಡ್ದೆ.”

“ಹೂಂ.”

“ಮೇ ತಿಂಗಳಲ್ಲೇ ಪ್ರೊಫೆಸರ್‌ಗೆ ಟೆಕ್ಸಾಸ್ ಮೆಷಿನ್ ಸಾಕು ಅಂತ ಬರೆದುಕೊಟ್ಟವನು ನಾನು. ನನ್ನ ಥೀಸಿಸ್‌ನ ಒಂದು ಚಾಪ್ಟರ್ ಅದರ ಮೇಲಿದೆ. ಈಗ ನೀನು ಕೆಂಪು ಹಾಕ್ತೀಯ. ಮೂರು ವಾರದ ಹಿಂದೆ ಬಂದ ಹುಡುಗಿ.”

“ಬ್ರಾಕೆಟ್ ನೋಡಿದ್ರೆ...”

“ಬ್ರಾಕೆಟ್ ತಿದ್ದೋಕೆ ಎಷ್ಟೊತ್ತು ತಾಯಿ? ನಾನು ತಿದ್ದುತ್ತೀನಿ. ಹಳದಿ ಮಾಡು. ಹಳದಿ ಸುಳ್ಳಲ್ಲ.”

ಏಳನೇ ಕ್ಲಾಸ್‌ನಲ್ಲಿ ಡಾರ್ಮ್ ಗೀಸರ್ ಕೆಟ್ಟಾಗ ಯಾರು ಅಂತ ಮಿಸ್ ಕೇಳಿದ್ದರು. ನಾನು ಸೀನಿಯರ್ ಹೆಸರು ಹೇಳಿದ್ದೆ. ನಿಜವನ್ನೇ. ಆ ಟರ್ಮ್ ಪೂರ್ತಿ ಮೆಸ್‌ನಲ್ಲಿ ನನ್ನ ಎಡಕ್ಕೂ ಬಲಕ್ಕೂ ಯಾರೂ ಕೂರಲಿಲ್ಲ. ತಟ್ಟೆ ಇಟ್ಟ ಕೂಡಲೇ ಬೆಂಚ್ ಖಾಲಿ. ಮಿಸ್ ಕೂಡ ನನ್ನನ್ನು ಇಷ್ಟಪಡಲಿಲ್ಲ, ಅದೇ ತಮಾಷೆ.

“ಹೂಂ,” ಅಂದೆ. ಅವರು ಕೂಡಲೇ ಮೊದಲಿನ ಹಾಗಾದರು. ಹಾಡು ಹಾಕಿದರು, ಟೀ ಕೊಡಿಸಿದರು.

ಸೆಪ್ಟೆಂಬರ್ 23, ಸೋಮವಾರ

ಹಳದಿ ಮಾಡಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: “ಗಣನೀಯ ಬದಲಾವಣೆ ಬೇಕಾಗಬಹುದು.” ಓದುವವರು ಓದಿಕೊಳ್ಳಲಿ. ಹೊಟ್ಟೆ ನೋವಿಗೆ ಮಾತ್ರೆ ತಗೊಂಡೆ.

ಸೆಪ್ಟೆಂಬರ್ 24, ಮಂಗಳವಾರ

ಹಳದಿ ಇದ್ದರೆ ಕಮಿಟಿ ಪ್ರಶ್ನೆ ಕೇಳುತ್ತೆ ಅಂದರು ಆತ್ರೇಯ. ಹಸಿರು ಮಾಡಿದೆ. ಸಣ್ಣ ಅಕ್ಷರದ್ದು ಅಳಿಸಿದೆ, ಹಸಿರಿನ ಪಕ್ಕ ಅದು ಹುಚ್ಚುಚ್ಚಾಗಿ ಕಾಣ್ತಿತ್ತು. ಯೂಲೆಸ್‌ನದು ಹಸಿರೇ ಇತ್ತು, ‘ಸ್ಥಿತಿ: ಕಳಪೆ’ ಅಂತ ಸೇರಿಸು ಅಂದರು. ಅದು ನಿಜವೇ ತಾನೆ, ಇಲಿ ವಾಸನೆ ಇತ್ತಲ್ಲ.

ಎರಡು ಕ್ಲಿಕ್‌ನ ಕೆಲಸ. ಶೀಟ್ ಕೆಳಗೆ ‘ಸಿದ್ಧಪಡಿಸಿದವರು’ ಅಂತ ನನ್ನ ಹೆಸರು ಮಾತ್ರ ಇದೆ. ರಂಜನಿ. ಆತ್ರೇಯ ಹೆಸರು ಎಲ್ಲೂ ಇಲ್ಲ. ಈಗ ಗಮನಿಸಿದೆ.

ಅಕ್ಟೋಬರ್ 12, ಶನಿವಾರ

ಮೆಷಿನ್ ಬಂದು ಹತ್ತು ದಿನ. ಶಾಣ್ಯಾನ ಫೈಲ್ ಹಾಕಿದರೆ ಮೊದಲ ಪುಟದಲ್ಲೇ ನಿಲ್ಲುತ್ತೆ. ಆತ್ರೇಯ ಬ್ರಾಕೆಟ್‌ಗಳನ್ನೆಲ್ಲ ತಿದ್ದಿದ. ಎರಡನೇ ಪುಟದಲ್ಲಿ ನಿಲ್ತು. ಈಗ ‘ನೋಡೋಣ’ ಅಂತ ತನ್ನ ಚಾಪ್ಟರ್ ಕೆಲಸಕ್ಕೆ ಹೋಗಿದ್ದಾನೆ. ಚಾಪ್ಟರ್ ಚೆನ್ನಾಗಿ ಓಡ್ತಿದೆ, ಅದಕ್ಕೆ ಹೇಳಿ ಮಾಡಿಸಿದ ಮೆಷಿನ್.

ಯೂಲೆಸ್‌ಗೆ ಫೋನ್ ಮಾಡಿದೆ, ಸುಮ್ಮನೆ. ಮಗಳು ಎತ್ತಿದಳು. ಗ್ಯಾರೇಜ್ ಖಾಲಿ ಮಾಡಿಸಿದೆ, ಎಲ್ಲ ಗುಜರಿಗೆ ಹೋಯ್ತು ಅಂದಳು. ಅಪ್ಪ ನಿಮ್ಮ ಫೋನ್ ಬರುತ್ತೆ ಅಂತ ಎರಡು ವಾರ ಕಾದರು ಅಂತಲೂ ಹೇಳಿದಳು. ಅದನ್ನು ಹೇಳೋ ಅಗತ್ಯ ಏನಿತ್ತು?

ಸಂಜೆ ಹ್ಯೂಸ್ಟನ್‌ನಿಂದ ಅಂಕಲ್. “ಯಾವ ಮಷೀನ್ ತಂದ್ರಿ ತಂಗಿ?”

“ಹೊಂದೋ ಅಂಥದ್ದೇ ಅಂಕಲ್.”

“ಕ್ಯಾಲಿಫೋರ್ನಿಯಾದ್ದು?”

“ಎಲ್ಲ ಚೆಕ್ ಮಾಡೇ ತಂದಿರೋದು ಅಂಕಲ್.”

“ನೀ ಅಂದಮ್ಯಾಲೆ ಮುಗೀತು. ತರುಣಗ ಹೇಳತೇನಿ, ಹುಡುಗಿ ಖಾತ್ರಿ ಮಾಡ್ಯಾಳ ಅಂತ.”

ನಾನು ಹೌದು ಅಂತ ಹೇಳಲೇ ಇಲ್ಲ. ಚೆಕ್ ಮಾಡಿದ್ದು ನಿಜ.

ಅಕ್ಟೋಬರ್ 19, ಶನಿವಾರ

ಲೈಬ್ರರಿ, ಕಿಟಕಿ ಪಕ್ಕದ ಟೇಬಲ್.

ಕ್ಯಾಲಿಫೋರ್ನಿಯಾ ಮೆಷಿನ್‌ನ ಹಾಗೇ ನಡೆದುಕೊಳ್ಳೋ ಒಂದು ಸಾಫ್ಟ್‌ವೇರ್ ಇದೆ, ಯಾರೋ ಹವ್ಯಾಸಿಗಳು ಮಾಡಿದ್ದು, ಲ್ಯಾಪ್‌ಟಾಪ್‌ನಲ್ಲೇ ಓಡುತ್ತೆ. ಲ್ಯಾಬ್‌ಗೆ ಅದು ಬೇಡ. ನಿಜವಾದ ಕಬ್ಬಿಣ ನೋಡೋಕೆ ಜನ ಬರೋದು, ಲ್ಯಾಪ್‌ಟಾಪ್ ಎಲ್ಲರ ಮನೇಲೂ ಇದೆ ಅಂತಾರೆ ಪ್ರೊಫೆಸರ್. ನಾನು ಸುಮ್ಮನೆ ಹಾಕಿ ನೋಡಿದೆ. ಅಂಕಲ್‌ರ ಫೈಲ್‌ಗಳನ್ನು, ಒಂದಕ್ಷರ ಮುಟ್ಟದೆ.

ಓಡಿತು.

ಸ್ಕ್ರೀನ್ ಮೇಲೆ ಮೊದಲನೇ ಪ್ರಶ್ನೆ ಬಂತು. ಕೊಳವೆ ಸಿಕ್ಕಿಕೊಂಡಾಗ ಕೆಳಗೆ ಹೋಗ್ತಿತ್ತೋ, ಮೇಲೆ ಬರ್ತಿತ್ತೋ, ನಿಂತಿತ್ತೋ? ನಾನು ಉತ್ತರ ಕೊಟ್ಟೆ. ಇನ್ನೊಂದು ಕೇಳಿತು. ಮಾತಾಡ್ತಿರೋದು ಅಂಕಲ್ ಅನ್ನಿಸ್ತು. ನನಗೆ ಗೊತ್ತಿಲ್ಲದ ಮೂವತ್ತೊಂಬತ್ತು ವರ್ಷದ ಹಿಂದಿನ ಅಂಕಲ್, ಕರಿ ಕೂದಲಿನವರು, ಅವಸರ ಇಲ್ಲದವರು. ಕಣ್ಣಲ್ಲಿ ನೀರು ಬಂತು, ಪಕ್ಕದ ಚೈನೀಸ್ ಹುಡುಗ ಟಿಶ್ಯೂ ಕೊಟ್ಟ.

ಅಂಕಲ್‌ಗೆ ಈಗಲೇ ಫೋನ್ ಮಾಡಬಹುದು. ವಿಡಿಯೋ ಕಾಲ್ ಸಾಕು.

ಆಮೇಲೆ? ಇದು ಹೇಗೆ ಓಡ್ತು ಅಂತ ಪ್ರೊಫೆಸರ್ ಕೇಳ್ತಾರೆ. ಕ್ಯಾಲಿಫೋರ್ನಿಯಾ ಲಿಸ್ಪ್ ಅಂತ ಆಗಲೇ ಗೊತ್ತಿತ್ತಾ? ಗೊತ್ತಿತ್ತು. ಹಾಗಾದ್ರೆ ಶೀಟ್‌ನಲ್ಲಿ ಹಸಿರು ಯಾರು ಹಾಕಿದ್ದು?

ಸ್ವಲ್ಪ ದಿನ ಬಿಟ್ಟು ಹೇಳ್ತೀನಿ. ನವೆಂಬರ್ 15ರ ಒಳಗೆ ಖಂಡಿತ.

ನವೆಂಬರ್ 6, ಬುಧವಾರ

ಆತ್ರೇಯನ ಪ್ಲ್ಯಾನ್: ಹಳೇ ಪ್ರಿಂಟ್‌ಔಟ್‌ನಲ್ಲಿ ಶಾಣ್ಯಾ ಯಾರದೋ ಜೊತೆ ನಡೆಸಿದ ಒಂದು ಇಡೀ ಸಂಭಾಷಣೆ ಇದೆ. ಅದನ್ನೇ ಟೆಕ್ಸಾಸ್ ಮೆಷಿನ್‌ಗೆ ತುಂಬೋದು. ಎದುರಿಗೆ ಕೂತವರು ಏನು ಟೈಪ್ ಮಾಡಲಿ, ಮುಂದಿನ ಸಾಲು ಬರುತ್ತೆ. “ಸುಳ್ಳಲ್ಲ ಇದು. ಮರುಸೃಷ್ಟಿ. ಮ್ಯೂಸಿಯಮ್‌ಗಳಲ್ಲಿ ಎಲ್ಲ ಮಾಡ್ತಾರೆ.”

“ಅಂಕಲ್ ಕೂರ್ತಾರಲ್ಲ?”

“ಅವರಿಗೇನು ಗೊತ್ತಾಗುತ್ತೆ, ಪಾಪ. ಖುಷಿ ಪಡ್ತಾರೆ.”

ಅವನು ಬರೆದ ಕೋಡ್ ತೀರಾ ಒರಟಾಗಿತ್ತು, ಸಾಲುಗಳು ಫಟಾಫಟ್ ಬರ್ತಿದ್ದವು. ಹಳೇ ಮೆಷಿನ್ ಯೋಚನೆ ಮಾಡೋಕೆ ಎರಡು ಮೂರು ಸೆಕೆಂಡ್ ತಗೊಳ್ಳುತ್ತೆ. ನಾನೇ ಮಾಡ್ತೀನಿ ಬಿಡು ಅಂದೆ. ಪ್ರತಿ ಪ್ರಶ್ನೆಗೂ ಬೇರೆ ಬೇರೆ ಹೊತ್ತು ಕಾಯೋ ಹಾಗೆ ಮಾಡಿದ್ದೇನೆ, ಲ್ಯಾಪ್‌ಟಾಪ್‌ನಲ್ಲಿರೋ ನಿಜವಾದದ್ದು ಎಷ್ಟು ಕಾಯುತ್ತೋ ಅಷ್ಟೇ. ಪ್ರೊಫೆಸರ್ ಬಂದು ನೋಡಿ, ಎಷ್ಟು ಜೀವಂತವಾಗಿದೆ ಅಂದರು. ಆತ್ರೇಯ, “ನಮ್ಮ ರಂಜು ಕೆಲಸ,” ಅಂದ. ಕೊನೆಗೂ ಒಂದು ಕಡೆ ನನ್ನ ಹೆಸರು ಹೇಳಿದ, ಪುಣ್ಯಾತ್ಮ.

ನವೆಂಬರ್ 15, ಶುಕ್ರವಾರ

ಎಲ್ಲ ಮುಗೀತು. ಒಟ್ಟಾರೆ ಚೆನ್ನಾಗೇ ಆಯ್ತು. ನೆನಪಿರುವಾಗಲೇ ಬರೆದಿಡ್ತೀನಿ.

ನಲವತ್ತು ಜನ ಬಂದಿದ್ದರು. ಅಂಕಲ್ ಸೂಟ್ ಹಾಕಿದ್ದರು, ಕಾಲರ್ ಒಳಗೆ ಕತ್ತು ಓಡಾಡ್ತಿತ್ತು. ಆಂಟಿ ಇಳಕಲ್ ಸೀರೆ. ತರುಣ್ ಫೋನ್ ಹಿಡಿದು ವಿಡಿಯೋ ಮಾಡ್ತಿದ್ದರು. ಮೆಷಿನ್ ನೋಡಿದ ಕೂಡಲೇ ಅಂಕಲ್ ನಿಂತುಬಿಟ್ಟರು.

“ಇದು ಕ್ಯಾಲಿಫೋರ್ನಿಯಾದ್ದಲ್ಲ.”

“ಹೊಂದಿಸಿದೀವಿ ಅಂಕಲ್,” ಆತ್ರೇಯ ಭುಜ ಹಿಡಿದು ಕೂರಿಸಿದ. “ನೀವು ಓಡಿಸಿ ನೋಡಿ.”

ಮೊದಲ ಐದಾರು ಪ್ರಶ್ನೆ ಸರಾಗವಾಗಿ ಹೋಯ್ತು. ಪ್ರಶ್ನೆ ಬರೋ ಮುಂಚೆಯೇ ಅಂಕಲ್ ಬಾಯಲ್ಲಿ ಹೇಳ್ತಿದ್ದರು, ಅದೇ ಸ್ಕ್ರೀನ್ ಮೇಲೆ ಬರ್ತಿತ್ತು. ಜನ ನಗ್ತಿದ್ದರು, ಆಂಟಿ ತರುಣ್ ಕಡೆ ನೋಡ್ತಿದ್ದರು. ಕೊಳವೆ ಎಷ್ಟು ಹೊತ್ತು ಅಲ್ಲಾಡದೆ ನಿಂತಿತ್ತು ಅನ್ನೋ ಪ್ರಶ್ನೆ ಬಂತು. ಅಂಕಲ್ ನಮ್ಮೆಲ್ಲರ ಕಡೆ ತಿರುಗಿ ಒಂಥರಾ ತುಂಟ ನಗೆ ನಕ್ಕು, ಸೊನ್ನೆ ಒತ್ತಿದರು.

ಮೂರು ಸೆಕೆಂಡ್. ಮುಂದಿನ ಪ್ರಶ್ನೆ ಬಂತು.

ಅಂಕಲ್ ಕೀಬೋರ್ಡ್‌ನಿಂದ ಕೈ ತೆಗೆದರು. “ಇದು ಸೊನ್ನಿಗೆ ಒಪ್ಪಂಗಿಲ್ಲ.”

ಕನ್ನಡ ಬಾರದವರಿಗೆ ಅರ್ಥವಾಗಲಿಲ್ಲ. ಅವರು ಗಾಬರಿಯಾದರೆ ಇಂಗ್ಲಿಷ್ ಬಿಟ್ಟುಬಿಡ್ತಾರೆ ಅಂತ ಕಾಣುತ್ತೆ. “ಕೊಳವಿ ಒಂದ ನಿಮಿಷನೂ ನಿಂದರಲಿಲ್ಲ ಅಂತ ಡ್ರಿಲ್ಲರ್ ಹೇಳಿದ್ರ ಅದು ಸುಳ್ಳು. ಬೈಸ್ಕೋಬಾರದಂತ ಹೇಳ್ತಾನವ. ಅದಕ್ಕ ನಾ ಬರದಿದ್ನಿ, ನಾ ನಂಬಂಗಿಲ್ಲ, ಹೋಗಿ ಇನ್ನೊಮ್ಮೆ ಕೇಳಿ ಬಾ ಅಂತ. ಸೊನ್ನಿ ಕೊಟ್ರ ಶಾಣ್ಯಾ ಮುಂದ ಹೋಗಂಗಽ ಇಲ್ಲ. ನೂರಾ ಆರನೇ ರೂಲು!”

ಪ್ರೊಫೆಸರ್ ನನ್ನ ಕಡೆ ಬಗ್ಗಿ, ಏನು ಹೇಳ್ತಿದ್ದಾರೆ ಅಂತ ಕೇಳಿದರು. ಅಷ್ಟು ವರ್ಷದ ಮೇಲೆ ಅದನ್ನು ನೋಡಿ ಭಾವುಕರಾಗಿದ್ದಾರೆ ಅಂದೆ. ಅವರು ಎದೆ ಮೇಲೆ ಕೈ ಇಟ್ಟುಕೊಂಡರು.

ತರುಣ್ ಫೋನ್ ಕೆಳಗಿಳಿಸಿದರು. “ಡ್ಯಾಡ್. ಪ್ಲೀಸ್.”

“ನಿಂದರು. ಆ ಹುಡುಗಿ ಕಾಗದ ಎಲ್ಲಾ ಓದ್ಯಾಳ.” ಅಂಕಲ್ ಕುರ್ಚಿ ಸಮೇತ ನನ್ನ ಕಡೆ ತಿರುಗಿದರು. “ತಂಗಿ, ನೀ ಹೇಳು. ಹಂಗ ಐತೋ ಇಲ್ಲೋ?”

ನೂರಾ ಆರನೇ ರೂಲ್ ನಾನು ಓದಿದ್ದೆನೋ ಇಲ್ಲವೋ ಆ ಕ್ಷಣಕ್ಕೆ ಹೊಳೆಯಲಿಲ್ಲ. ಲ್ಯಾಪ್‌ಟಾಪ್ ಬ್ಯಾಗ್ ಕಾಲಿನ ಹತ್ತಿರವೇ ಇತ್ತು. ತೆಗೆದು ಹಾಕಿದರೆ ಒಂದು ನಿಮಿಷ. ಆತ್ರೇಯ ನನ್ನನ್ನು ನೋಡ್ತಿರಲಿಲ್ಲ, ಕಾರ್ಪೆಟ್ ನೋಡ್ತಿದ್ದ. ಪ್ರೊಫೆಸರ್ ನಗ್ತಾ ಕಾಯ್ತಿದ್ದರು. ನಲವತ್ತು ಜನ.

“ಅಂಕಲ್, ತುಂಬ ವರ್ಷ ಆಯ್ತಲ್ಲ,” ಅಂದೆ. “ಬೇರೆ ಯಾವುದೋ ಪ್ರೋಗ್ರಾಮ್ ಜೊತೆ ಕನ್‌ಫ್ಯೂಸ್ ಮಾಡ್ಕೊಂಡಿರಬಹುದು ನೀವು.”

ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದೆ.

ಅವರು ನನ್ನನ್ನು ನೋಡಿದರು. ಕೋಪ ಏನೂ ಇರಲಿಲ್ಲ. ರಸ್ತೆಯಲ್ಲಿ ಅಡ್ರೆಸ್ ಕೇಳಿದವರು ಉತ್ತರ ಕೇಳಿಸಿಕೊಳ್ಳೋ ಹಾಗೆ ಗಮನವಿಟ್ಟು ನೋಡಿದರು. “ಇರಬಹುದು,” ಅಂದರು. ಆಮೇಲೆ ಸ್ಕ್ರೀನ್ ಕಡೆ ತಿರುಗಿ, ಒಂದೊಂದೇ ಉತ್ತರ ಒತ್ತುತ್ತಾ ಕೊನೆವರೆಗೂ ಹೋದರು. ಈಗ ಪ್ರಶ್ನೆ ಬರೋ ಮುಂಚೆ ಹೇಳ್ತಿರಲಿಲ್ಲ, ಬಂದ ಮೇಲೆ ಓದ್ತಿದ್ದರು. ಚಪ್ಪಾಳೆ ಜೋರಾಗಿ ಬಿತ್ತು.

ಸಮೋಸ ಕಡಿಮೆ ಬಿದ್ದವು. ಮುಂದಿನ ಸಲ ಅರವತ್ತು ಹೇಳಬೇಕು.

ನವೆಂಬರ್ 16, ಶನಿವಾರ

ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಸೊನ್ನೆ ಕೊಟ್ಟೆ. ನಾನು ನಂಬಲ್ಲ, ಹೋಗಿ ಇನ್ನೊಮ್ಮೆ ಕೇಳಿ ಬಾ ಅಂತ ಬಂತು. ಮತ್ತೆ ಸೊನ್ನೆ. ಮತ್ತೆ ಅದೇ. ಪ್ರಿಂಟ್‌ಔಟ್ ತೆಗೆದೆ, ನೂರಾ ಆರನೇ ರೂಲ್, ನಂಬರ್ ಕೂಡ ಸರಿ.

ಬಟ್ಟೆ ಒಗೆಯೋದಿತ್ತು. ಹೋದೆ.

ನವೆಂಬರ್ 25, ಸೋಮವಾರ

ಪ್ರೊಫೆಸರ್ ಕರೆದು ಇನ್ನೆರಡು ವರ್ಷ ಕೆಲಸ ಗ್ಯಾರಂಟಿ ಅಂದರು. ಕಿಟಕಿ ಪಕ್ಕ ಸ್ವಂತ ಟೇಬಲ್. ಒತ್ತಡದಲ್ಲಿ ನಾನು ಎಷ್ಟು ಶಾಂತವಾಗಿದ್ದೆ ಅಂತ ಹೊಗಳಿದರು. ಆತ್ರೇಯ ಈಗ ನನ್ನ ಹತ್ತಿರ ಸ್ವಲ್ಪ ಜೋಪಾನವಾಗಿ ಮಾತಾಡ್ತಾನೆ. ಆಡಲಿ. ಜನವರಿಯಲ್ಲಿ ಬರೋ ಹೊಸ ಹುಡುಗಿಗೆ ಶೀಟ್ ಮಾಡೋದು ಹೇಳಿಕೊಡಬೇಕಂತೆ. ಈಗಲೇ ಹತ್ತು ಮೆಸೇಜ್ ಕಳಿಸಿದ್ದಾಳೆ, ‘ಮ್ಯಾಮ್’ ಅಂತೆ. ಇಂಥವರನ್ನ ಎಲ್ಲಿಂದ ಹಿಡ್ಕೊಂಡು ಬರ್ತಾರೋ.

ಹೊಟ್ಟೆ ನೋವು ಬಂದು ವಾರಗಳೇ ಆದವು.

ಡಿಸೆಂಬರ್ 8, ಭಾನುವಾರ

ಮಧ್ಯಾಹ್ನ ಓದ್ತಾ ಕೂತಿದ್ದೆ, ವಿಜಯಮ್ಮ ಆಂಟಿ ಫೋನ್. ನಾಳೆ ಪರೀಕ್ಷೆ ಇದೆ ಅಂತ ಹೇಳೋ ಅಷ್ಟರಲ್ಲಿ ಶುರು ಮಾಡಿಬಿಟ್ಟರು.

“ನಿನಗ ಹೇಳಬೇಕಂತ ಮಾಡಿದ್ನಿ ತಂಗಿ. ಇವರು ಒಪ್ಪಿದ್ರು. ಜನವರಿ ಎರಡಕ್ಕ ಆ ಹೋಮಿಗೆ ಹೋಗೋದು. ತರುಣ ಹೇಳಿದ್ರ ಜಗಳಾ ಆಗ್ತಿತ್ತು, ನಾ ಹೇಳಿದ್ರ ಊಟ ಬಿಡ್ತಿದ್ರು. ನೀ ಆವತ್ತ ಎಷ್ಟ ಶಾಂತಾಗಿ ಹೇಳಿದಿ! ಮನಿಗೆ ಬಂದ ಮ್ಯಾಲೆ ಅವರಽ ಅಂದ್ರು, ಆ ಹುಡುಗಿ ಸುಳ್ಳ ಹೇಳಂಗಿಲ್ಲ, ನಂದಽ ತಪ್ಪಿರಬೇಕು ಅಂತ. ನಿನ್ನಿಂದ ಉಪಕಾರ ಆತವ್ವ.”

ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಕೇಳಿಸಿಕೊಂಡೆ.

“ಆದ್ರ ಈಗ ಎಲ್ಲಾದಕ್ಕೂ ನನ್ನ ಕೇಳ್ತಾರ. ಮೊನ್ನೆ, ವಿಜಯಾ, ನಮ್ಮ ಮದಿವಿ ಗದಗಿನಾಗ ಆತಂತ ನಾ ತಿಳಕೊಂಡೇನಿ, ಅದು ಖರೇನಽ ಅಂದ್ರು. ಖರೆ ಅಂದ್ನಿ. ಆದ್ರೂ ಆಲ್ಬಮ್ ತೆಗಿಸಿ ನೋಡಿದ್ರು. ತಡಿ, ಇಲ್ಲೇ ಅದಾರ. ನಿನ್ನ ಕೂಡ ಮಾತಾಡ್ಬೇಕಂತ.”

ಅಂಕಲ್ ಧ್ವನಿ ಚೆನ್ನಾಗೇ ಇತ್ತು. “ತಂಗಿ, ಆವತ್ತು ಮಂದಿ ಮುಂದ ನಿನಗ ತ್ರಾಸ ಕೊಟ್ನಿ. ಸೊನ್ನೀದು ನಾನಽ ಹುಟ್ಟಿಸಿದ್ದು ಕಾಣಸ್ತದ. ಶಾಣ್ಯಾ ಹಂಗ ಎಂದೂ ಕೇಳಿದ್ದಿಲ್ಲ. ಅಲ್ಲೇನು?”

ಬೆರಳಿದ್ದ ಪುಟದ ಮೂಲೆ ಮಡಿಚಿಟ್ಟೆ.

“ಬಿಡಿ ಅಂಕಲ್,” ಅಂದೆ, “ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ.”

“ಹೌದೌದು,” ಅಂದರು. ಥ್ಯಾಂಕ್ಸ್ ಹೇಳಿದರು. ಪರೀಕ್ಷೆ ಚಲೋ ಬರಿ ಅಂದರು.

ಆಮೇಲೆ ಎರಡು ಚಾಪ್ಟರ್ ಮುಗಿಸಿದೆ. ಚೆನ್ನಾಗಿ ಓದಿಸಿಕೊಂಡು ಹೋಯ್ತು.